ಮನೆ ಬದಲಿಸಿದರೆ ಮೈದಾನ, ಶಾಲೆ ಬದಲಿಸಿದರೆ ಬೆಂಚು

ನಮ್ಮಲ್ಲಿ ಮಕ್ಕಳ ಶಾಲೆ ಬದಲಿಸುವುದೆಂದರೆ ಹಳೆಯ ಶಾಲೆಯ ಕಚೇರಿಗೆ ನಾಲ್ಕು ಸಲ ಅಲೆದು ಟಿ.ಸಿ. ತರುವುದು; ಅದು ಕೈಗೆ ಬಂದರೆ ಮುಗಿಯಿತು. ಅಮೆರಿಕದಲ್ಲಿ ಆ ಅಲೆದಾಟ ಕಡಿಮೆ. ಆದರೆ ಶಾಲೆ ಬದಲಿಸುವ ವಿದ್ಯಾರ್ಥಿ ಆಟಗಾರ್ತಿಯೂ ಆಗಿದ್ದರೆ ಬೇರೆಯದೇ ಒಂದು ಬಾಗಿಲು ಅಡ್ಡ ಬರುತ್ತದೆ. ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ಅಲ್ಲಿನ ಹೈಸ್ಕೂಲಿನಲ್ಲಿ ಹುಡುಗಿಯೊಬ್ಬಳು ಒಂದು ಶಾಲೆ ಬಿಟ್ಟು ಇನ್ನೊಂದಕ್ಕೆ ಸೇರಿದಳೆನ್ನಿ. ಮೊದಲ ದಿನದಿಂದಲೇ ಅವಳು ಪಾಠ ಕೇಳಬಹುದು, ನಾಟಕದಲ್ಲಿ ಪಾತ್ರ ಮಾಡಬಹುದು, ಗಣಿತದ ಕ್ಲಬ್ಬಿಗೆ ಹೋಗಬಹುದು. ಬಾಸ್ಕೆಟ್‌ಬಾಲ್ ತಂಡದ ಜೆರ್ಸಿ ತೊಡಬೇಕೆಂದರೆ ಮಾತ್ರ ರಾಜ್ಯದ ಕ್ರೀಡಾ ಸಂಘ ಎದುರು ನಿಂತು ಕೇಳುತ್ತದೆ: ಮನೆಯನ್ನೂ ಬದಲಿಸಿದ್ದೀರೋ, ಬರೀ ಶಾಲೆಯನ್ನೋ? ಮನೆ ಬದಲಿಸಿದ್ದರೆ ಆಡು. ಬರೀ ಶಾಲೆಯಾದರೆ ಬೆಂಚಿನ ಮೇಲೆ ಕೂರು. ಎಷ್ಟು ಕಾಲ ಕೂರಬೇಕೆಂಬುದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಈ ನಿಯಮವನ್ನು ಬರೆದವರ ಉದ್ದೇಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದು ಕೇಳುವ ಪ್ರಶ್ನೆ ತಪ್ಪು, ಅದರ ಶಿಕ್ಷೆ ತಲುಪುವ ವಿಳಾಸವೂ ತಪ್ಪು ಎಂಬುದಷ್ಟೇ ನನ್ನ ವಾದ.

ಉದ್ದೇಶ ಎಲ್ಲಿಂದ ಬಂತೆಂದು ಮೊದಲು ನೋಡೋಣ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದ ಶಾಲೆಗಳಲ್ಲಿ ಫುಟ್‌ಬಾಲ್ ಹುಚ್ಚು ಹತ್ತಿದಾಗ ಪಂದ್ಯ ಗೆಲ್ಲಲು ಶಾಲೆಗೇ ಸೇರದ ಗಟ್ಟಿಮುಟ್ಟಾದ ಯುವಕರನ್ನು ಕರೆತಂದು ಆಡಿಸುವುದಿತ್ತು. ಇವತ್ತು ಈ ಊರಿನ ಪರವಾಗಿ ಆಡಿದವನು ಮುಂದಿನ ವಾರ ಪಕ್ಕದ ಊರಿನ ಪರ. ಈ ಕಳ್ಳಾಟವನ್ನು ನಿಲ್ಲಿಸಲೆಂದೇ ರಾಜ್ಯವಾರು ಸಂಘಗಳು ಹುಟ್ಟಿಕೊಂಡವು. 1920ರಲ್ಲಿ ಮಧ್ಯಪಶ್ಚಿಮದ ಐದು ರಾಜ್ಯಗಳ ಸಂಘಗಳು ಷಿಕಾಗೋದಲ್ಲಿ ಸೇರಿ ಕಟ್ಟಿದ ಒಕ್ಕೂಟವೇ ಇಂದು ಇಂಡಿಯಾನಪೊಲಿಸ್‌ನಲ್ಲಿ ಕಚೇರಿ ಇಟ್ಟುಕೊಂಡಿರುವ ರಾಷ್ಟ್ರೀಯ ಒಕ್ಕೂಟ. 2023-24ರಲ್ಲಿ ಹೈಸ್ಕೂಲು ಆಟಗಾರರ ಅದರ ಲೆಕ್ಕ ಮೊದಲ ಬಾರಿಗೆ 80 ಲಕ್ಷ ದಾಟಿತು. ಎರಡು ಆಟ ಆಡುವವನನ್ನು ಈ ಲೆಕ್ಕದಲ್ಲಿ ಎರಡು ಸಲ ಎಣಿಸುತ್ತಾರೆ, ಅದಿರಲಿ. ಆದರೆ ಅರ್ಹತೆಯ ನಿಯಮ ಬರೆಯುವುದು ಈ ಒಕ್ಕೂಟವಲ್ಲ, ಐವತ್ತು ರಾಜ್ಯಗಳ ಸಂಘಗಳು. ಹೀಗಾಗಿ ಒಂದೇ ತಪ್ಪಿಗೆ ಒಂದೊಂದು ಕಡೆ ಒಂದೊಂದು ದಂಡ. ಟೆಕ್ಸಾಸ್‌ನಲ್ಲಿ ಆಟಕ್ಕಾಗಿ ಶಾಲೆ ಬದಲಿಸಿದೆ ಎಂದು ತೀರ್ಮಾನವಾದರೆ ಶಾಲೆಯ ಮುಖ್ಯ ತಂಡಕ್ಕೆ ಕನಿಷ್ಠ ಒಂದು ವರ್ಷ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮನೆ ಬದಲಿಸದೆ ಮೊದಲ ಸಲ ಶಾಲೆ ಬದಲಿಸಿದವನು ಆ ಆಟದ ಸೀಸನ್ನಿನ ಸುಮಾರು ಅರ್ಧದವರೆಗೆ ಕಾಯಬೇಕು. ಓಹಾಯೊದಲ್ಲಿ ಅದೇ ತಿರುಗುಮುರುಗು: ಮೊದಲರ್ಧ ಆಡಬಹುದು, ಎರಡನೆಯ ಅರ್ಧವೂ ಕೊನೆಯ ಟೂರ್ನಮೆಂಟೂ ಇಲ್ಲ. ಫ್ಲಾರಿಡಾ ಮಾತ್ರ 2016ರ ಕಾಯ್ದೆಯಿಂದ ಬೇಲಿಯನ್ನೇ ಹೆಚ್ಚುಕಡಿಮೆ ಕಿತ್ತುಹಾಕಿತು.

ಒಂದು ವರ್ಷ ಕಾದರೆ ಏನು ಮಹಾ ಹೋಯಿತು ಎಂದು ಕೇಳುವವರಿದ್ದಾರೆ. ಹೋಗುವುದು ಒಂದು ವರ್ಷವಲ್ಲ, ನಾಲ್ಕರಲ್ಲಿ ಒಂದು. ಒಂಬತ್ತನೆಯ ತರಗತಿಗೆ ಸೇರಿದ ದಿನದಿಂದ ಸತತ ಎಂಟು ಸೆಮಿಸ್ಟರ್ ಮಾತ್ರ ಆಡಬಹುದೆಂಬ ನಿಯಮ ಅಲ್ಲಿ ಸಾಮಾನ್ಯ. ಬೆಂಚಿನ ಮೇಲೆ ಕಳೆದ ಸೆಮಿಸ್ಟರೂ ಆ ಎಂಟರಲ್ಲೇ ಕಳೆಯುತ್ತದೆ. ಹೈಸ್ಕೂಲಿನಲ್ಲಿ ಆಡಿದವರಲ್ಲಿ ಮುಂದೆ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘದ ಅಡಿಯಲ್ಲಿ ಆಡುವವರು ನೂರಕ್ಕೆ ಏಳೆಂಟು ಮಂದಿಗಿಂತ ಹೆಚ್ಚಿಲ್ಲ. ಉಳಿದವರಿಗೆ ಶಾಲೆಯ ಮೈದಾನವೇ ಮೊದಲು, ಅದೇ ಕೊನೆ. ಹದಿನೇಳರ ಹುಡುಗನಿಗೆ ಮುಂದಿನ ವರ್ಷ ಆಡು ಎನ್ನುವುದು ಹಲವು ಸಲ ಇನ್ನೆಂದೂ ಆಡಬೇಡ ಎಂದಂತೆ. ಆಟವಾಡುವುದು ಹಕ್ಕಲ್ಲ, ಅವಕಾಶ ಮಾತ್ರ ಎಂದು ಅಲ್ಲಿನ ಬಹುತೇಕ ನ್ಯಾಯಾಲಯಗಳು ಹೇಳಿವೆ. ಕಾನೂನಿನ ಮಟ್ಟಿಗೆ ಅದು ಸರಿಯೇ ಇರಬಹುದು. ಆದರೆ ಹಕ್ಕಲ್ಲದ್ದನ್ನು ಹಂಚುವಾಗಲೂ ಕೊಡುವವರ ಕೈ ನೆಟ್ಟಗಿರಬೇಕು. ತಕ್ಕಡಿ ವಾಲಿದೆಯೇ ಎಂಬುದೇ ಇಲ್ಲಿಯ ಪ್ರಶ್ನೆ.

ವಾಲಿದೆ, ಅದೂ ದುಡ್ಡಿದ್ದವರ ಕಡೆಗೆ. ಹೆಚ್ಚಿನ ರಾಜ್ಯಗಳ ನಿಯಮದಲ್ಲಿ ದೊಡ್ಡ ವಿನಾಯಿತಿಯೆಂದರೆ ನಿಜವಾದ ವಾಸಬದಲಾವಣೆ: ಇಡೀ ಕುಟುಂಬ ಹಳೆಯ ಮನೆಯನ್ನು ಖಾಲಿ ಮಾಡಿ ಹೊಸ ಶಾಲೆಯ ವ್ಯಾಪ್ತಿಗೆ ಬಂದು ನೆಲೆಸಿದ್ದರೆ ಮಗು ಮರುದಿನವೇ ಆಡಬಹುದು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಯಾರು ಹೀಗೆ ಬರಬಲ್ಲರು ನೋಡಿ. ಅಪ್ಪನೋ ಅಮ್ಮನೋ ಸಾಫ್ಟ್‌ವೇರ್ ಕೆಲಸ ಬದಲಿಸಿ ನ್ಯೂಜೆರ್ಸಿಯಿಂದ ಡಲ್ಲಾಸ್‌ಗೆ ಹೋದರೆ, ಟೆನಿಸ್ ಆಡುವ ಮಗಳಿಗೆ ಈ ನಿಯಮ ತಾಕುವುದೇ ಇಲ್ಲವೆನ್ನಬಹುದು. ಮನೆ ಕೊಂಡ ಕಾಗದ ತೋರಿಸಿದರೆ ಸಾಕು. ಅಮೆರಿಕದಲ್ಲಿ ನೆಲೆಸಿದ ನಮ್ಮ ಕನ್ನಡದ ಕುಟುಂಬಗಳಲ್ಲಿ ಬಹಳಷ್ಟು ಈ ಸಾಲಿನವು. ನಿಯಮದ ಚುರುಕು ಅವರಿಗೆ ಗೊತ್ತಾಗದಿರಲು ಅದೇ ಕಾರಣ. ಇನ್ನೊಂದು ಮನೆ. ಅಮ್ಮನಿಗೆ ರಾತ್ರಿ ಪಾಳಿ, ಬಾಡಿಗೆ ಕಟ್ಟಲು ಕಷ್ಟ, ಮಗನನ್ನು ಊರಿನ ಆಚೆ ತುದಿಯ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದಾಳೆ. ಅವನು ಆಡಬೇಕೆಂದರೆ ವಿನಾಯಿತಿಯ ಅರ್ಜಿ, ವಿಚಾರಣೆ, ಕಷ್ಟಕ್ಕೆ ಪುರಾವೆ. ನೆಲೆಯಿಲ್ಲದ ಮಕ್ಕಳಿಗೆ 1987ರ ಮೆಕಿನ್ನಿ-ವೆಂಟೊ ಕಾಯ್ದೆ ಒಂದಿಷ್ಟು ಕವಚ ಕೊಟ್ಟಿದೆ, ಸೈನಿಕರ ಮಕ್ಕಳಿಗೆ ಎಲ್ಲ ರಾಜ್ಯಗಳೂ ಒಪ್ಪಿದ ಒಪ್ಪಂದವೊಂದಿದೆ. ಆದರೆ ಬಡತನಕ್ಕೂ ಬೀದಿಪಾಲಿಗೂ ನಡುವೆ ಬೇಕಾದಷ್ಟು ಅಂತರವಿದೆ, ಬಹುಪಾಲು ಕಷ್ಟಗಳು ಆ ನಡುವಿನಲ್ಲೇ ಇರುವುದು. ಮಗನ ಆಟಕ್ಕಾಗಿಯೇ ಇನ್ನೊಂದು ಬಡಾವಣೆಯಲ್ಲಿ ಮನೆ ಹಿಡಿದು ಸಂಸಾರವನ್ನೇ ಎತ್ತಿಕೊಂಡು ಹೋಗಬಲ್ಲ ಶ್ರೀಮಂತನಿಗೆ ಮನೆಯೇ ಸಾಕ್ಷಿಯಾಗಿ ನಿಲ್ಲುತ್ತದೆ. ಬಸ್ಸಿನಲ್ಲಿ ಹೋಗಿಬರುವ ಬಡವನ ಉದ್ದೇಶವಷ್ಟೇ ಸಂಶಯಕ್ಕೆ ಬೀಳುತ್ತದೆ.

ಈ ಉದ್ದೇಶವೆಂಬುದನ್ನು ಹುಡುಕುವ ಬಗೆಯೂ ವಿಚಿತ್ರ. ಟೆಕ್ಸಾಸ್‌ನ ಇತಿಹಾಸ ಇಲ್ಲಿ ಪಾಠ ಹೇಳುತ್ತದೆ. 1977ರಲ್ಲಿ ತಂದೆಯ ಕೆಲಸದ ವರ್ಗಾವಣೆಯಿಂದಾಗಿ ಒಂದು ಕುಟುಂಬ ದೂರದ ವರ್ಮಾಂಟ್‌ನಿಂದ ಆಸ್ಟಿನ್‌ಗೆ ಬಂತು. ಬಾಸ್ಕೆಟ್‌ಬಾಲ್ ಆಡುತ್ತಿದ್ದ ಮಗನಿಗೆ ಒಂದು ವರ್ಷ ಆಡುವಂತಿಲ್ಲವೆಂಬ ಉತ್ತರ ಸಿಕ್ಕಿತು. ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್‌ಗೆ ಅಂದಿನ ನಿಯಮ ಕಾರಣವನ್ನೇ ಕೇಳುತ್ತಿರಲಿಲ್ಲ. ಶಾಲೆ ಬದಲಿಸಿದವರೆಲ್ಲ ಆಟಕ್ಕಾಗಿಯೇ ಬಂದವರೆಂದು ಭಾವಿಸಿ ಎಲ್ಲರನ್ನೂ ಹೊರಗಿಡುತ್ತಿತ್ತು. ಒಂದೂವರೆ ಸಾವಿರ ಮೈಲಿ ಆಚೆಯಿಂದ ಯಾವ ಕೋಚ್ ಬಂದು ಹುಡುಗನ ತಲೆ ಕೆಡಿಸಿದ್ದಾನು? 1981ರ ಸಲಿವನ್ ಪ್ರಕರಣದಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ತನ್ನ ಮೇಲಿನ ಸಂಶಯವನ್ನು ಸುಳ್ಳೆಂದು ತೋರಿಸಲು ಅವಕಾಶವನ್ನೇ ಕೊಡದ ಈ ನಿಯಮ ಸಮಾನತೆಗೆ ವಿರುದ್ಧವೆಂದು ಅದನ್ನು ತಳ್ಳಿಹಾಕಿತು. ತೀರ್ಪು ಬರುವ ಹೊತ್ತಿಗೆ ಹೈಸ್ಕೂಲಿನ ನಾಲ್ಕು ವರ್ಷದ ಗಡುವು ಎಂದೋ ಮುಗಿದಿತ್ತು.

ಇಂದಿನ ಟೆಕ್ಸಾಸ್ ನಿಯಮ ಆ ತಪ್ಪು ಮಾಡುವುದಿಲ್ಲ. ಪ್ರತಿ ಮಗುವಿನ ಕಾರಣವನ್ನೂ ಪ್ರತ್ಯೇಕವಾಗಿ ಕೇಳುತ್ತದೆ. ಆದರೆ ಕೇಳುವುದು ಯಾರನ್ನು? ಹಿಂದೆ ಬೇರೆ ಶಾಲೆಯಲ್ಲಿ ಆಡಿದ್ದವರ ಬಗ್ಗೆ ಒಂದು ನಮೂನೆ ತುಂಬಬೇಕು. ಅದರ ಒಂದು ಭಾಗವನ್ನು ತುಂಬುವವರು ಬಿಟ್ಟುಬಂದ ಶಾಲೆಯವರು. ಈ ವಿದ್ಯಾರ್ಥಿ ಆಟಕ್ಕಾಗಿ ಶಾಲೆ ಬದಲಿಸುತ್ತಿದ್ದಾನೆಯೇ ಎಂಬ ಪ್ರಶ್ನೆಗೆ ಅವರೇ ಉತ್ತರ ಕೊಡಬೇಕು. ಒಳ್ಳೆಯ ಆಟಗಾರನನ್ನು ಕಳೆದುಕೊಂಡ ಬೇಸರದಲ್ಲಿರುವವರ ಕೈಗೇ ಪೆನ್ನು ಕೊಟ್ಟಂತೆ. ವಿವಾದವಾದರೆ ತೀರ್ಮಾನಿಸುವುದು ಜಿಲ್ಲಾ ಕಾರ್ಯಕಾರಿ ಸಮಿತಿ. ಇಲ್ಲಿ ಜಿಲ್ಲೆಯೆಂದರೆ ಆಡಳಿತದ ಜಿಲ್ಲೆಯಲ್ಲ, ಪರಸ್ಪರ ಲೀಗ್ ಪಂದ್ಯ ಆಡುವ ಶಾಲೆಗಳ ಗುಂಪು. ಅಂದರೆ ಆ ಹುಡುಗ ಆಡಿದರೆ ಯಾರು ಸೋಲಬೇಕಾಗುತ್ತದೋ ಆ ಶಾಲೆಗಳ ಪ್ರತಿನಿಧಿಗಳೇ ಅವನ ನ್ಯಾಯಾಧೀಶರು. ಅವರು ಪ್ರಾಮಾಣಿಕರಲ್ಲವೆಂದು ಹೇಳಬೇಕಾಗಿಲ್ಲ. ಹೆಚ್ಚಿನವರು ಪ್ರಾಮಾಣಿಕರೇ ಇರಬಹುದು. ಪ್ರಾಮಾಣಿಕನನ್ನೂ ಇಂಥ ಕುರ್ಚಿಯಲ್ಲಿ ಕೂರಿಸಬಾರದು. ಈ ನಿಯಮ ಬರೆದ ಟೆಕ್ಸಾಸ್ ಸಂಘವೇ ಚರ್ಚಾಸ್ಪರ್ಧೆ, ಕಾಗುಣಿತ, ಬ್ಯಾಂಡ್ ಸ್ಪರ್ಧೆಗಳನ್ನೂ ನಡೆಸುತ್ತದೆ. ಒಳ್ಳೆಯ ಬ್ಯಾಂಡ್ ಇದೆಯೆಂದು ಒಬ್ಬಳು ಶಾಲೆ ಬದಲಿಸಿದರೆ ಅದು ಆಸಕ್ತಿ, ಒಳ್ಳೆಯ ಬಾಸ್ಕೆಟ್‌ಬಾಲ್ ಕೋಚ್ ಇದ್ದಾರೆಂದು ಬದಲಿಸಿದರೆ ಅಪರಾಧ. ಹದಿನಾರು ವಯಸ್ಸಿನ ಮನಸ್ಸಿನಲ್ಲಿ ಕಾರಣಗಳು ಒಂದೊಂದಾಗಿ ಕಟ್ಟಿಟ್ಟ ಗಂಟುಗಳಂತಿರುವುದಿಲ್ಲ. ವಿಜ್ಞಾನದ ಪ್ರಯೋಗಾಲಯ ಚೆನ್ನಾಗಿದೆ, ಹಳೆಯ ಶಾಲೆಯಲ್ಲಿ ಕಾಟ ಕೊಡುವವರಿದ್ದರು, ಗೆಳತಿ ಅಲ್ಲಿದ್ದಾಳೆ, ಕೋಚ್ ಒಳ್ಳೆಯವರು: ಈ ನಾಲ್ಕನ್ನು ಬಿಡಿಸಿ ತೂಗಿ ನಾಲ್ಕನೆಯದೇ ಭಾರವೆಂದು ಯಾವ ಸಮಿತಿ ಹೇಳಬಲ್ಲದು?

ಇಂಡಿಯಾನಾದ ಕ್ರೇನ್ ಪ್ರಕರಣ ಇದಕ್ಕೆ ಇನ್ನೊಂದು ಸಾಕ್ಷಿ. ತಂದೆತಾಯಿ ಬೇರೆಯಾದ ಹುಡುಗನ ಪಾಲನೆಯ ಹೊಣೆ ತಾಯಿಯಿಂದ ತಂದೆಗೆ ವರ್ಗವಾಗಿ, ಅವನು ತಂದೆಯ ಮನೆಗೂ ಹೊಸ ಶಾಲೆಗೂ ಬಂದ. ಅಂಥ ಬದಲಾವಣೆಗೆ ಸಂಘದ ನಿಯಮದಲ್ಲೇ ವಿನಾಯಿತಿಯಿತ್ತು. ಆದರೂ ಸಂಘ ಅವನ ಕಾರಣಗಳನ್ನು ಕೆದಕಿ ಪೂರ್ಣ ಅರ್ಹತೆ ನಿರಾಕರಿಸಿತು. 1992ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ತೀರ್ಮಾನ ಮನಸೋಇಚ್ಛೆಯದೆಂದು ಹೇಳಿತು. ಐದು ವರ್ಷದ ನಂತರ ಅದೇ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಕಾರ್ಲ್‌ಬರ್ಗ್ ಎಂಬ ಈಜುಗಾರನ ಪ್ರಕರಣದಲ್ಲಿ ಸಂಘದ ನಿಯಮವನ್ನೇ ಎತ್ತಿಹಿಡಿಯಿತು. ಅವನು ಓದಿನ ಕಾರಣಕ್ಕೆ ಶಾಲೆ ಬದಲಿಸಿದವನು. ಎರಡೂ ತೀರ್ಪುಗಳಿಗೆ ಅವುಗಳದೇ ಕಾನೂನಿನ ತರ್ಕವಿದೆ. ಆದರೆ ಹೊರಗೆ ನಿಂತು ನೋಡುವ ತಂದೆತಾಯಿಗೆ ಕಾಣುವುದಿಷ್ಟು: ಒಳ್ಳೆಯ ಕಾರಣವಿದ್ದವನೂ ಸೋಲಬಹುದು, ವಕೀಲರಿದ್ದವನು ಗೆಲ್ಲಲೂಬಹುದು.

ಹೀಗಿರುವಾಗ ಕೆಲವರು ಸುಳ್ಳು ಹೇಳತೊಡಗುವುದರಲ್ಲಿ ಆಶ್ಚರ್ಯವಿಲ್ಲ. ಕಾಗದದಲ್ಲಿ ಬಾಡಿಗೆ ಕರಾರು, ಕರೆಂಟು ಬಿಲ್ಲು ಎಲ್ಲ ಹೊಸ ವಿಳಾಸದವು. ಹಾಸಿಗೆ ಮಾತ್ರ ಹಳೆಯ ಮನೆಯಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಸುಳ್ಳು ಮಾಹಿತಿ ಕೊಟ್ಟದ್ದು ಸಾಬೀತಾದರೆ ವಿದ್ಯಾರ್ಥಿ 24 ತಿಂಗಳವರೆಗೆ ಅನರ್ಹನಾಗಬಹುದು. 2025ರಲ್ಲಿ ರಾಜ್ಯ ಸಂಘದ ದಕ್ಷಿಣ ಕ್ಯಾಲಿಫೋರ್ನಿಯಾ ವಿಭಾಗ ಈ ನಿಯಮದಡಿ ಹಲವು ಶಾಲೆಗಳ ಫುಟ್‌ಬಾಲ್ ಆಟಗಾರರನ್ನು ಹೊರಗಿಟ್ಟಿತು. ಲಾಸ್ ಏಂಜಲಿಸ್ ಬಳಿಯ ಖಾಸಗಿ ಶಾಲೆಯೊಂದು ಇಡೀ ಸೀಸನ್ನನ್ನೇ ಕೈಬಿಡಬೇಕಾಯಿತು. ಸುಳ್ಳು ದಾಖಲೆಗೆ ಶಿಕ್ಷೆ ಬೇಡವೆಂದು ಯಾರೂ ವಾದಿಸಲಾರರು. ಆದರೆ ಬಾಡಿಗೆ ಕರಾರಿಗೆ ಸಹಿ ಹಾಕಿದ್ದು ಹದಿನೈದರ ಹುಡುಗನಲ್ಲ, ಹಾಕಲು ಅವನಿಗೆ ವಯಸ್ಸೂ ಇಲ್ಲ. ದೊಡ್ಡವರ ಸಹಿ, ಚಿಕ್ಕವನ ಎರಡು ವರ್ಷ. ಅಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ: ನಿಯಮವು ಮನೆಯ ವಿಳಾಸವನ್ನೇ ಬೀಗದ ಕೈಯಾಗಿ ಮಾಡಿರದಿದ್ದರೆ ಆ ಸುಳ್ಳು ಹುಟ್ಟುತ್ತಲೇ ಇರಲಿಲ್ಲ.

ಈಗ ಎದುರು ಪಕ್ಷದ ಮಾತು. ಬೇಲಿ ಕಿತ್ತರೆ ಒಳ್ಳೆಯ ಆಟಗಾರರೆಲ್ಲ ಎರಡು ಮೂರು ಶಾಲೆಗಳಲ್ಲಿ ಗುಡ್ಡೆಯಾಗುತ್ತಾರೆ, ಉಳಿದ ಶಾಲೆಗಳು ಸೋಲುವುದಕ್ಕಷ್ಟೇ ಬಸ್ಸು ಹತ್ತಬೇಕಾಗುತ್ತದೆ ಎಂಬುದು ಅವರ ಭಯ. ಇದು ಬರಿಯ ಭಯವಲ್ಲ. ಪಶ್ಚಿಮ ವರ್ಜೀನಿಯಾ 2023ರಲ್ಲಿ ಒಂದು ಸಲದ ಬದಲಾವಣೆಗೆ ದಂಡವಿಲ್ಲವೆಂದು ಕಾಯ್ದೆ ಮಾಡಿದ ಮೇಲೆ ಮೊದಲ ಫುಟ್‌ಬಾಲ್ ಸೀಸನ್ನಿನಲ್ಲೇ ಏಕಪಕ್ಷೀಯ ಪಂದ್ಯಗಳ ದೂರು ಜೋರಾಗಿ ಎದ್ದಿತು. ಸಣ್ಣ ಊರುಗಳ ರಾಜ್ಯ ಅದು. ಗಣಿಯೂರೊಂದರ ಶಾಲೆಯಿಂದ ಮೂವರು ಹೊರಟರೆ ತಂಡವೇ ಮುಳುಗುತ್ತದೆ. ಬಾಸ್ಕೆಟ್‌ಬಾಲ್‌ನಲ್ಲಂತೂ ಅಂಕಣದಲ್ಲಿರುವವರೇ ಐವರು, ಒಬ್ಬ ಬಂದರೆ ಚಿತ್ರವೇ ಬದಲು. ಸ್ಪರ್ಧೆಯಲ್ಲಿ ಒಂದು ಮಟ್ಟದ ಸಮಬಲ ಬೇಕು, ಇಲ್ಲದಿದ್ದರೆ ಅದು ಆಟವಾಗಿ ಉಳಿಯುವುದಿಲ್ಲ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಒಪ್ಪಿದ ಮೇಲೂ ಕೇಳಬೇಕಾದದ್ದು, ಇಂದಿನ ಬೇಲಿ ಆ ಸಮಬಲವನ್ನು ಕಾಯುತ್ತಿದೆಯೇ ಎಂದು. ಬೇಲಿ ಶುರುವಾಗುವುದೇ ಒಂಬತ್ತನೆಯ ತರಗತಿಗೆ ಸೇರಿದ ಮೇಲೆ. ಎಂಟನೆಯದನ್ನು ಮುಗಿಸಿದವನು ಸಾಮಾನ್ಯವಾಗಿ ತನಗೆ ಪ್ರವೇಶ ಸಿಗುವ ಹೈಸ್ಕೂಲನ್ನು ಆರಿಸಿಕೊಂಡು ಮೊದಲ ದಿನದಿಂದ ಆಡಬಹುದು. ಖಾಸಗಿ ಶಾಲೆಗಳಿಗೆ ಹೆದ್ದಾರಿ ತೆರೆದಿರುವುದು ಇಲ್ಲಿಯೇ. ಸಾಂಟಾ ಆನಾದ ಮೇಟರ್ ಡೇ, ಬೆಲ್‌ಫ್ಲವರ್‌ನ ಸೇಂಟ್ ಜಾನ್ ಬಾಸ್ಕೊ ಇವೆರಡೂ ವರ್ಷಗಟ್ಟಲೆ ಕ್ಯಾಲಿಫೋರ್ನಿಯಾದ, ಒಮ್ಮೊಮ್ಮೆ ಇಡೀ ದೇಶದ, ಶಾಲಾ ಫುಟ್‌ಬಾಲನ್ನು ಆಳಿದ್ದು ಸೀಸನ್ನಿನ ಅರ್ಧ ಕಾಯಬೇಕೆಂಬ ನಿಯಮ ಜಾರಿಯಲ್ಲಿದ್ದ ರಾಜ್ಯದಲ್ಲಿಯೇ. ಫ್ಲಾರಿಡಾದ ಫೋರ್ಟ್ ಲಾಡರ್ಡೇಲ್‌ನ ಸೇಂಟ್ ಥಾಮಸ್ ಅಕ್ವೈನಸ್ ಶಾಲೆ 2016ರ ಕಾಯ್ದೆ ಬರುವ ಮೊದಲೇ ರಾಜ್ಯದ ಪ್ರಶಸ್ತಿಗಳನ್ನು ಕಪಾಟು ತುಂಬ ಪೇರಿಸಿತ್ತು. ದೊಡ್ಡ ಗೇಟು ತೆರೆದಿಟ್ಟು ಕಿಟಕಿಗೆ ಸರಳು ಹಾಕಿದ ಮನೆಯಂತೆ ಈ ವ್ಯವಸ್ಥೆ: ಹದಿಮೂರನೆಯ ವಯಸ್ಸಿನಲ್ಲೇ ಮಗನ ಆಟದ ದಾರಿಯನ್ನು ಲೆಕ್ಕ ಹಾಕಬಲ್ಲ ಕುಟುಂಬ ಗೇಟಿನಿಂದ ನಡೆದುಹೋಗುತ್ತದೆ, ಹದಿನಾರಕ್ಕೆ ಕಷ್ಟ ಬಂದವನು ಕಿಟಕಿಯಲ್ಲಿ ಸಿಕ್ಕಿಬೀಳುತ್ತಾನೆ. ಸಮಬಲವೇ ಗುರಿಯಾದರೆ ಅದಕ್ಕೆ ಬೇರೆ ಸಾಧನಗಳಿವೆ. ಪದೇ ಪದೇ ಗೆಲ್ಲುವ ಶಾಲೆಯನ್ನು ಮೇಲಿನ ವರ್ಗಕ್ಕೆ ಏರಿಸುವುದು, ಹೊರಗಿನಿಂದ ಬಂದ ಆಟಗಾರರ ಸಂಖ್ಯೆಯನ್ನು ವರ್ಗೀಕರಣದ ಲೆಕ್ಕಕ್ಕೆ ಸೇರಿಸುವುದು. ಓಹಾಯೊ, ಇಂಡಿಯಾನಾ ಈ ದಾರಿಗಳಲ್ಲಿ ಆಗಲೇ ನಡೆದಿವೆ. ಅವು ಭಾರ ಹೊರಿಸುವುದು ಶಾಲೆಯ ಮೇಲೆ, ಮಗುವಿನ ಮೇಲಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ, ಅದಕ್ಕೆ ಉತ್ತರ ಅಷ್ಟು ಸುಲಭವಲ್ಲ. ಹೊರಗಿನಿಂದ ಬಂದವನು ಆಡಿದರೆ, ಮೂರು ವರ್ಷ ಅದೇ ಶಾಲೆಯಲ್ಲಿ ಬೆವರು ಸುರಿಸಿ ಕೊನೆಯ ವರ್ಷಕ್ಕೆ ಜಾಗ ಸಿಗುತ್ತದೆಂದು ಕಾದಿದ್ದ ಹುಡುಗನ ಗತಿಯೇನು? ಅವನು ಯಾವ ನಿಯಮವನ್ನೂ ಮುರಿದಿಲ್ಲ, ಯಾವ ಅರ್ಜಿಯನ್ನೂ ಹಾಕಿಲ್ಲ, ಅವನ ಹೆಸರಿನಲ್ಲಿ ಯಾವ ಮೊಕದ್ದಮೆಯೂ ನಡೆಯುವುದಿಲ್ಲ. ಬದಲಾವಣೆಯ ಪರವಾಗಿ ವಾದಿಸುವವರು ಅವನನ್ನು ಮರೆತೇಬಿಡುತ್ತಾರೆ. ಆದರೆ ಬಂದವನು ಮನೆ ಬದಲಿಸಿ ಬಂದಿದ್ದರೂ ಕಾದವನ ಜಾಗ ಹೋಗುತ್ತಿತ್ತು, ಆ ಅನ್ಯಾಯವನ್ನು ನಿಯಮ ಕಂಡೂ ಕಾಣದಂತಿದೆ. ಕಾದವನ ಪರವಾಗಿ ನಿಯಮ ನಿಜವಾಗಿ ಮಾಡಬಹುದಾದದ್ದು ಒಂದಿದೆ: ಅಭ್ಯಾಸ ಶುರುವಾಗಿ ತಂಡ ಕೂಡಿದ ಮೇಲೆ, ಸೀಸನ್ನಿನ ನಡುವೆ ಬಂದು ಯಾರೂ ಜಾಗ ಕಸಿಯದಂತೆ ತಡೆಯುವುದು. ಬೇಸಿಗೆಯಲ್ಲೇ ಬಂದವನೊಡನೆ ಅವನು ಸಮನಾಗಿ ಪೈಪೋಟಿಗೆ ಇಳಿಯಬಹುದು, ನಡುವಿನಲ್ಲಿ ಇಳಿದುಬಂದವನೊಡನೆ ಇಳಿಯಲಾರ. ಇಷ್ಟು ಮಾಡಿದರೂ ಅವನ ನಷ್ಟ ಪೂರ್ತಿ ತುಂಬುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳದೆ ಗತಿಯಿಲ್ಲ.

ಕೋಚ್‌ಗಳು ಬಲೆ ಬೀಸುತ್ತಾರೆ, ಮಕ್ಕಳನ್ನು ಮಾರುಕಟ್ಟೆಯ ಸರಕು ಮಾಡುತ್ತಾರೆ ಎಂಬುದು ಮೂರನೆಯ ಮಾತು. ನಿಜ. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖಗಳನ್ನು ಜಾಹೀರಾತಿಗೆ ಮಾರಬಹುದಾಗಿದೆ. ಅದೇ ಬಗೆಯ ಅವಕಾಶ ಬಹುತೇಕ ರಾಜ್ಯಗಳಲ್ಲಿ ಹೈಸ್ಕೂಲಿಗೂ ಇಳಿದುಬಂದಿದೆ. 2024ರ ಹೊತ್ತಿಗೆ ಕಾಲೇಜು ಮಟ್ಟದಲ್ಲಿ ಎಷ್ಟು ಸಲ ಬೇಕಾದರೂ ತಂಡ ಬದಲಿಸಿ ತಕ್ಷಣ ಆಡುವ ಸ್ಥಿತಿ ಬಂತು. ಆ ಗಾಳಿ ಶಾಲೆಗೂ ಬೀಸಿದರೆ ಏನಾಗಬಹುದೆಂಬ ಅಂಜಿಕೆ ಸಹಜವೇ. ಆದರೆ ಬಲೆ ಬೀಸಿದವನನ್ನು ಬಿಟ್ಟು ಮೀನಿಗೆ ದಂಡ ಹಾಕುವುದು ಯಾವ ನ್ಯಾಯ? ಬಲೆಗಾರನನ್ನು ಹಿಡಿಯಲು ಕಾನೂನು ಅಡ್ಡ ಬರುತ್ತದೆಂದೂ ಹೇಳುವಂತಿಲ್ಲ. 1997ರಲ್ಲಿ ಟೆನೆಸಿಯ ಬ್ರೆಂಟ್‌ವುಡ್ ಅಕಾಡೆಮಿಯ ಫುಟ್‌ಬಾಲ್ ಕೋಚ್ ಎಂಟನೆಯ ತರಗತಿಯ ಹುಡುಗರಿಗೆ ವಸಂತದ ಅಭ್ಯಾಸಕ್ಕೆ ಬನ್ನಿ ಎಂದು ಕಾಗದ ಬರೆದು, ಕೆಳಗೆ ನಿಮ್ಮ ಕೋಚ್ ಎಂದು ಸಹಿ ಮಾಡಿದ. ರಾಜ್ಯ ಸಂಘ ಶಾಲೆಗೆ 3,000 ಡಾಲರ್ ದಂಡ ಹಾಕಿ, ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್ ತಂಡಗಳನ್ನು ಎರಡು ವರ್ಷ ನಾಕೌಟ್ ಪಂದ್ಯಗಳಿಂದ ಹೊರಗಿಡಲು ಆದೇಶಿಸಿತು. ಪ್ರಕರಣ ಎರಡು ಸಲ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 2001ರಲ್ಲಿ ನ್ಯಾಯಾಲಯ ಐದಕ್ಕೆ ನಾಲ್ಕರ ಬಹುಮತದಿಂದ, ಇಂಥ ಸಂಘ ಹೆಸರಿಗೆ ಖಾಸಗಿಯಾದರೂ ಸರ್ಕಾರದಂತೆ ಸಂವಿಧಾನಕ್ಕೆ ಬದ್ಧ ಎಂದಿತು. 2007ರಲ್ಲಿ, ಆಟಗಾರರನ್ನು ಸೆಳೆಯುವುದರ ಮೇಲಿನ ನಿಷೇಧ ವಾಕ್‌ಸ್ವಾತಂತ್ರ್ಯದ ಉಲ್ಲಂಘನೆಯಲ್ಲ ಎಂದಿತು. ಅಂದರೆ ಕೋಚ್‌ಗಳ ಬಾಯಿಗೆ ಬೀಗ ಹಾಕುವ ಅಧಿಕಾರ ಸಂಘಗಳಿಗೆ ದೇಶದ ಅತ್ಯುನ್ನತ ನ್ಯಾಯಾಲಯದಿಂದಲೇ ಸಿಕ್ಕಿದೆ. ಆದರೂ ಆ ಆದೇಶವನ್ನು ಇನ್ನೊಮ್ಮೆ ಓದಿ: ದಂಡ ಶಾಲೆಗೆ, ನಾಕೌಟ್ ತಪ್ಪುವುದು ಕಾಗದ ಬರೆಯದ, ಕಾಗದ ಪಡೆಯದ ಹುಡುಗರಿಗೆ. ರೂಢಿಯೇ ಹಾಗೆ ಬೆಳೆದಿದೆ.

ಹಾಗಾದರೆ ಏನು ಮಾಡಬೇಕು? ಉದ್ದೇಶವನ್ನು ಅಳೆಯುವುದನ್ನು ಬಿಟ್ಟು ತಾರೀಖನ್ನು ಅಳೆಯಬೇಕು. ಹೈಸ್ಕೂಲಿನ ನಾಲ್ಕು ವರ್ಷದಲ್ಲಿ ಒಂದು ಸಲ, ನಿಗದಿತ ದಿನದೊಳಗೆ, ಯಾರು ಬೇಕಾದರೂ ಕಾರಣ ಹೇಳದೆ ಶಾಲೆ ಬದಲಿಸಿ ಆಡಬಹುದು. ಒಂದೇ ವರ್ಷದಲ್ಲಿ ಒಂದೇ ಆಟವನ್ನು ಎರಡು ಶಾಲೆಗಳಿಗೆ ಆಡುವಂತಿಲ್ಲ. ಎರಡನೆಯ ಬದಲಾವಣೆಗೆ ಇಂದಿನಂತೆ ವಾಸಬದಲಾವಣೆಯೋ ಕಷ್ಟದ ಪುರಾವೆಯೋ ಬೇಕು. ಕ್ಯಾಲೆಂಡರಿಗೆ ಬಡವ ಬಲ್ಲಿದ ಗೊತ್ತಿಲ್ಲ, ಹಳೆಯ ಕೋಚಿನ ಮುನಿಸೂ ಗೊತ್ತಿಲ್ಲ. ಎಲ್ಲರಿಗೂ ಒಂದೇ ನಿಯಮವೆಂದರೆ ಅದೇ ಸಲಿವನ್ ಪ್ರಕರಣದ ದೋಷವಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಆ ನಿಯಮ ಎಲ್ಲರನ್ನೂ ತಪ್ಪಿತಸ್ಥರೆಂದು ಭಾವಿಸಿತ್ತು, ಇದು ಒಂದು ಸಲಕ್ಕೆ ಎಲ್ಲರನ್ನೂ ನಂಬುತ್ತದೆ. ಪದೇ ಪದೇ ಶಾಲೆ ಬದಲಿಸುವುದು ಓದಿಗೆ ಕೆಡುಕೆಂಬ ಶಿಕ್ಷಕರ ಮಾತಿಗೂ ಒಂದೇ ಸಲವೆಂಬ ಮಿತಿಯಲ್ಲಿ ಉತ್ತರವಿದೆ. ಮಿಚಿಗನ್ 2019-20ರಿಂದ ತಂದ ನಿಯಮ ಈ ದಾರಿಯ ಅರ್ಧವನ್ನು ನಡೆದಿದೆ: ಹಿಂದಿನ ವರ್ಷ ಯಾವ ಆಟ ಆಡಿದ್ದನೋ ಅದಕ್ಕೆ ಮಾತ್ರ ತಡೆ, ಹೊಸ ಆಟಕ್ಕೆ ಇಲ್ಲ. ಓಟಗಾರ್ತಿಯೊಬ್ಬಳು ಶಾಲೆ ಬದಲಿಸಿ ವಾಲಿಬಾಲ್ ಕಲಿಯಹೊರಟರೆ ಅಲ್ಲಿ ಯಾರೂ ತಡೆಯುವುದಿಲ್ಲ. ಅಚ್ಚುಕಟ್ಟಾದ ನಿಯಮ, ಆದರೆ ತನ್ನದೇ ಆಟದಲ್ಲಿ ನೆಲೆ ಹುಡುಕುವವಳಿಗೆ ಅದರಿಂದ ಪ್ರಯೋಜನವಿಲ್ಲ. 2025ರಲ್ಲಿ ಟೆನೆಸಿ ಕಾಯ್ದೆಯ ಮೂಲಕ, ಇಂಡಿಯಾನಾ ಸಂಘದ ತೀರ್ಮಾನದ ಮೂಲಕ ಒಂದು ಸಲದ ಮುಕ್ತ ಬದಲಾವಣೆಗೆ ಒಪ್ಪಿವೆ. ಮಿನೆಸೋಟಾ 1988ರಲ್ಲೇ ಮಕ್ಕಳು ತಮ್ಮ ವ್ಯಾಪ್ತಿಯಾಚೆಯ ಶಾಲೆಗೆ ಹೋಗಬಹುದೆಂದು ಕಾನೂನು ಮಾಡಿದಾಗಿನಿಂದ ಓದಿಗೆ ಶಾಲೆಯ ಆಯ್ಕೆ ರಾಜ್ಯದಿಂದ ರಾಜ್ಯಕ್ಕೆ ಹಬ್ಬುತ್ತಲೇ ಬಂದಿದೆ. ಮೈದಾನ ಈಗಷ್ಟೇ ಅದರ ಹಿಂದೆ ಹೆಜ್ಜೆ ಹಾಕತೊಡಗಿದೆ.

ಇಷ್ಟಾದರೂ ಒಂದು ಗಂಟು ಬಿಚ್ಚದೆ ಉಳಿಯುತ್ತದೆ. 2022ರಲ್ಲಿ ಟೆಕ್ಸಾಸ್‌ನ ಡಂಕನ್‌ವಿಲ್ ಹೈಸ್ಕೂಲು ದೊಡ್ಡ ಶಾಲೆಗಳ ವರ್ಗದಲ್ಲಿ ಬಾಲಕರ ಬಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದಿತು. ಬೇರೆ ಶಾಲೆಯಿಂದ ಬಂದಿದ್ದ ಆಟಗಾರನೊಬ್ಬನನ್ನು ಸಂಘ ಅನರ್ಹನೆಂದಿತ್ತು, ಅವನು ನ್ಯಾಯಾಲಯದ ತಾತ್ಕಾಲಿಕ ಆದೇಶದ ಮೇಲೆ ಆಡಿದ್ದ. ಸೀಸನ್ ಮುಗಿದ ಮೇಲೆ ಸಂಘ ಇಡೀ ತಂಡದಿಂದ ಪ್ರಶಸ್ತಿಯನ್ನು ಕಿತ್ತುಕೊಂಡಿತು. ಸಂಘದ ತರ್ಕ ಅರ್ಥವಾಗದ್ದೇನಲ್ಲ: ಕೋರ್ಟಿನ ಕಾಗದ ತಂದು ಆಡಿ ಗೆದ್ದು ಹೋಗಬಹುದಾದರೆ ನಿಯಮಕ್ಕೆ ಬೆಲೆಯೆಲ್ಲಿ? ಆದರೆ ಅನರ್ಹತೆಯ ಪ್ರಶ್ನೆ ಆ ತಂಡದಲ್ಲಿ ಎದ್ದಿದ್ದು ಒಬ್ಬನ ಬಗ್ಗೆ. ಉಳಿದ ಹುಡುಗರು ನ್ಯಾಯಾಧೀಶರ ಸಹಿಯಿದ್ದ ಆದೇಶವನ್ನು ನಂಬಿ ಅವನಿಗೆ ಚೆಂಡು ಪಾಸ್ ಮಾಡಿದವರು. ಒಂದು ಸಲದ ಮುಕ್ತ ಬದಲಾವಣೆಯಿದ್ದಿದ್ದರೆ ಇಂಥ ವಿವಾದ ಹುಟ್ಟುವ ಸಂಭವವೇ ಬಹಳ ಕಡಿಮೆಯಿತ್ತು. ಎರಡನೆಯ ಬದಲಾವಣೆಯ ವಿವಾದಗಳು ಮುಂದೆಯೂ ಬಂದೇ ಬರುತ್ತವೆ, ಅವುಗಳ ತೀರ್ಮಾನವನ್ನು ಸೀಸನ್ ಶುರುವಾಗುವ ಮೊದಲೇ, ಆ ಲೀಗಿಗೆ ಸಂಬಂಧವಿಲ್ಲದವರ ಮುಂದೆ ಮುಗಿಸುವಂತಾಗಬೇಕು. ಮುಗಿಸಲಾಗದೆ ನ್ಯಾಯಾಲಯ ಆಡಿಸಿದರೆ, ಕೊನೆಗೆ ಸೋತವರು ಶಾಲೆಯ ಆಡಳಿತದವರಾಗಿದ್ದರೆ, ಬಿಲ್ಲು ಅವರ ಹೆಸರಿಗೇ ಹೋಗಲಿ. ಆಡಿ ಗೆದ್ದ ಹುಡುಗರ ಕೊರಳಿನ ಪದಕ ಅಲ್ಲೇ ಇರಲಿ.